ಕಿಟಕಿಯುಳ್ಳ ದೀಪ



ಕಾರ್ತಿಕ ಬಂತೆಂದರೆ ಕೊಯಮತ್ತೂರು, ತಿರುಪ್ಪೂರು ಕಡೆಯ ನಮ್ಮ ಹೊಸಿಲುಗಳಲ್ಲಿ ದೀಪದ ಸಾಲು. ಮನೆಯಲ್ಲಿ ಹಣತೆ ಎನ್ನುತ್ತೇವೆ, ಸಂತೆಯಲ್ಲಿ ಅಗಲ್ ವಿಳಕ್ಕು ಎಂದು ಕೇಳಿ ಕೊಳ್ಳುತ್ತೇವೆ. ಈಗ ಅಂಗಡಿಗಳಲ್ಲಿ ಮನೆಯ ಆಕಾರದ ಪಿಂಗಾಣಿ ದೀಪಗಳೂ ಸಿಗುತ್ತವೆ. ಚೂಪು ಮಾಡು, ಪುಟ್ಟ ಕಿಟಕಿಗಳು. ನಾಲ್ಕು ಜೋಡಿಸಿಟ್ಟರೆ ಒಂದು ಬೀದಿಯೇ ಬೆಳಗುತ್ತದೆ.

ಈ ಚೂಪು ಮಾಡಿನ ಮನೆಗಳು ಹಾಲೆಂಡಿನ ಕಾಲುವೆ ದಂಡೆಯವು. ಅಲ್ಲಿಯ ಡೆಲ್ಫ್ಟ್ ಊರಿನ ಚಿತ್ರಕಾರ ವರ್ಮೀರ್ ಸುಮಾರು 1660ರಲ್ಲಿ ತನ್ನ ಊರನ್ನು ನೀರಿನ ಆಚೆ ದಡದಿಂದ ಕಂಡಂತೆ ಬರೆದ. ಮುಂದಿನ ಕಟ್ಟಡಗಳು ಮೋಡದ ನೆರಳಿನಲ್ಲಿ, ಹಿಂದಿನ ಮಾಡುಗಳು ಬಿಸಿಲಿನಲ್ಲಿ. ಚಿತ್ರ ಇಂದು ಹೇಗ್ ನಗರದ ಮೌರಿಟ್ಸ್‌ಹೌಸ್ ಸಂಗ್ರಹಾಲಯದಲ್ಲಿದೆ. ಅದೇ ಡೆಲ್ಫ್ಟಿನ ಕುಂಬಾರರು ಚೀನಾದ ಪಿಂಗಾಣಿಯನ್ನು ಕಂಡು, ಸಾದಾ ಮಣ್ಣಿಗೆ ತವರ ಬೆರೆತ ಬಿಳಿ ಲೇಪ ಹಚ್ಚಿ, ಮೇಲೆ ನೀಲಿ ಚಿತ್ರ ಬರೆದು ಹೆಸರಾದರು.

ಹಣತೆಗೂ ಪಿಂಗಾಣಿಗೂ ಏನು ವ್ಯತ್ಯಾಸ? ಹಣತೆಯ ಮಣ್ಣಿನಲ್ಲಿ ಸುಟ್ಟ ಮೇಲೂ ಸೂಕ್ಷ್ಮ ರಂಧ್ರಗಳು ಉಳಿಯುತ್ತವೆ, ಅದು ಎಣ್ಣೆ ಕುಡಿಯುತ್ತದೆ. ಹೊಸ ಹಣತೆಯನ್ನು ನೀರಿನಲ್ಲಿ ನೆನೆಸಿಡುವುದು ಅದಕ್ಕೇ. ಪಿಂಗಾಣಿಯನ್ನು ಇನ್ನೂ ಹೆಚ್ಚಿನ ಕಾವಿನಲ್ಲಿ, ಸಾಮಾನ್ಯವಾಗಿ 1200 ಡಿಗ್ರಿಗೂ ಮೇಲೆ, ಸುಡುತ್ತಾರೆ. ಲೇಪ ಕರಗಿ ಗಾಜಾಗುತ್ತದೆ, ಎಣ್ಣೆ ಜಿನುಗುವುದಿಲ್ಲ. ಆದರೆ ಒಂದು ಎಚ್ಚರಿಕೆ: ಮನೆದೀಪದ ಮಾಡಿನಲ್ಲಿ ಹೊಗೆ ಹೋಗುವ ತೂತಿಲ್ಲದಿದ್ದರೆ ಒಳಗೆ ಬತ್ತಿ ಹಚ್ಚಬೇಡಿ. ಸಣ್ಣ ವಿದ್ಯುತ್ ಬಲ್ಬು ಸಾಕು.

ನಾನು ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದಾಗ ಕುಂಬಾರರು ಬೇಸಿಗೆಯಲ್ಲೇ ಸಾಲ ಕೇಳಿ ಬರುತ್ತಿದ್ದರು. ದೀಪದ ಹಬ್ಬ ಇನ್ನೂ ದೂರವಿದೆಯಲ್ಲ ಎಂದುಕೊಳ್ಳುತ್ತಿದ್ದೆ. ಕಾರಣ ಆಮೇಲೆ ತಿಳಿಯಿತು. ನಮ್ಮಲ್ಲಿ ಕಾರ್ತಿಕವೆಂದರೆ ಹಿಂಗಾರು ಮಳೆಯ ಕಾಲ. ಹಸಿ ಮಣ್ಣು ಒಣಗದು. ಒಣಗದ್ದನ್ನು ಆವಿಗೆಗೆ ಹಾಕಿದರೆ ಒಳಗಿನ ನೀರು ಆವಿಯಾಗಿ ಒಡೆದುಹಾಕುತ್ತದೆ. ಆದ್ದರಿಂದ ಬಿಸಿಲಿದ್ದಾಗಲೇ ಮಾಡಿಟ್ಟು, ಮಾರಾಟಕ್ಕೆ ತಿಂಗಳುಗಟ್ಟಲೆ ಕಾಯಬೇಕು. ಅಷ್ಟು ದಿನ ಮಣ್ಣಿಗೆ, ಸೌದೆಗೆ ಹಾಕಿದ ಹಣ ಅಟ್ಟದ ಮೇಲೆ ಕೂತಿರುತ್ತದೆ.

ಹಾಗಾದರೆ ನಾವೇನು ಮಾಡಬಹುದು? ಮನೆಯ ಆಕಾರದ ದೀಪ ನಿಮಗೂ ಇಷ್ಟವೇ? ಬೇಸಿಗೆಯಲ್ಲೇ ಊರಿನ ಕುಂಬಾರರಿಗೆ ಹೇಳಿ, ಸ್ವಲ್ಪ ಮುಂಗಡ ಕೊಡಿ. ಅರೆ ಒಣಗಿದ ಮಣ್ಣಿನಲ್ಲಿ ಚಾಕುವಿನಿಂದ ಕಿಟಕಿ ಕೊರೆಯುವುದು ಅವರಿಗೆ ಕಷ್ಟವಲ್ಲ. ಹಾಲೆಂಡಿನ ಮಾಡೇ ಆಗಬೇಕೆಂದೇನಿದೆ? ನಮ್ಮ ಹೆಂಚಿನ ಮನೆ, ಮುಂದೊಂದು ಜಗಲಿ. ಅದೂ ಚೆನ್ನಾಗಿ ಬೆಳಗೀತು.