ಕೈಗುಣಕ್ಕೂ ಒಂದು ಪರೀಕ್ಷೆ

ಮುಚ್ಚಿದ ಒಂದು ಪೆಟ್ಟಿಗೆ. ಮೇಲಿನ ತೂತುಗಳಿಂದ ಒಳಕ್ಕಿಳಿದ ಎರಡು ಉದ್ದನೆಯ ಇಕ್ಕಳ. ಒಳಗೆ ನಡೆಯುವುದೆಲ್ಲ ಎದುರಿನ ಪರದೆಯಲ್ಲಷ್ಟೇ ಕಾಣುತ್ತದೆ. ಗೂಟಗಳ ಹಲಗೆಯ ಮೇಲೆ ಆರು ಪುಟ್ಟ ತುಂಡುಗಳಿವೆ. ಬಲಗೈಯವರಾದರೆ ಒಂದೊಂದನ್ನೇ ಎಡಗೈ ಇಕ್ಕಳದಿಂದ ಎತ್ತಿ, ನಡುಗಾಳಿಯಲ್ಲೇ ಬಲಗೈಗೆ ದಾಟಿಸಿ, ಆಚೆ ಬದಿಯ ಗೂಟಕ್ಕೆ ಇಳಿಸಬೇಕು. ಆರೂ ದಾಟಿದ ಮೇಲೆ ಕೈಗಳು ಅದಲುಬದಲಾಗಿ ವಾಪಸ್. ಗಡುವು 300 ಸೆಕೆಂಡ್. ತುಂಡು ಕೈಜಾರಿ ಕಣ್ಣಿಗೆ ಕಾಣದ ಮೂಲೆಗೆ ಬಿದ್ದರೆ ಅಂಕ ಹೋಯಿತು.

ಇದು ‘ಫಂಡಮೆಂಟಲ್ಸ್ ಆಫ್ ಲ್ಯಾಪರೊಸ್ಕೋಪಿಕ್ ಸರ್ಜರಿ’ ಎಂಬ ಪರೀಕ್ಷೆಯ ಮೊದಲ ಹಂತ. ವೈದ್ಯರು ಎಫ್‌ಎಲ್‌ಎಸ್ ಎನ್ನುತ್ತಾರೆ. ಕೆನಡಾದ ಮ್ಯಾಕ್‌ಗಿಲ್ ವಿಶ್ವವಿದ್ಯಾಲಯದಲ್ಲಿ ಜೆರಾಲ್ಡ್ ಫ್ರೀಡ್ ಮತ್ತು ಸಂಗಡಿಗರು ರೂಪಿಸಿದ ಅಭ್ಯಾಸಗಳಿಂದ ಹುಟ್ಟಿದ ಈ ಪರೀಕ್ಷೆ 2004ರಲ್ಲಿ ಅಮೆರಿಕದಲ್ಲಿ ಜಾರಿಗೆ ಬಂತು. 2009–10ರ ಸಾಲಿನಿಂದ ಈಚೆಗೆ ತರಬೇತಿ ಮುಗಿಸಿದ ಯಾವ ಜನರಲ್ ಸರ್ಜನ್‌ಗೂ ಇದರಲ್ಲಿ ತೇರ್ಗಡೆಯಾಗದೆ ಅಲ್ಲಿನ ಬೋರ್ಡ್ ಪ್ರಮಾಣಪತ್ರ ಸಿಗುವುದಿಲ್ಲ. ತಿಳಿವಳಿಕೆಗೆ ಪ್ರಶ್ನೆಪತ್ರಿಕೆ ಬೇರೆಯೇ ಇದೆ. ಕೈಗೆ ಐದು ಕೆಲಸಗಳು: ತುಂಡು ದಾಟಿಸುವುದು, ಗಾಜ್ ಬಟ್ಟೆಯ ಮೇಲೆ ಬರೆದ ವೃತ್ತವನ್ನು ಗೆರೆ ತಪ್ಪದೆ ಕತ್ತರಿಸುವುದು, ಕುಣಿಕೆ ಬಿಗಿಯುವುದು, ಮತ್ತೆ ಎರಡು ಬಗೆಯ ಹೊಲಿಗೆ.

ಕೊನೆಯ ಹೊಲಿಗೆಯೇ ಕಠಿಣ. ಸೀಳಿದ ಒಂದು ಮೆತ್ತನೆಯ ರಬ್ಬರ್ ನಳಿಕೆ, ಸೀಳಿನ ಎರಡೂ ಬದಿಗೆ ಒಂದೊಂದು ಕಪ್ಪು ಚುಕ್ಕೆ. ಸೂಜಿ ಆ ಚುಕ್ಕೆಗಳಲ್ಲೇ ಹಾಯಬೇಕು, ಸೀಳು ಪೂರ್ತಿ ಮುಚ್ಚಬೇಕು. ಗಂಟಿನ ಮೊದಲ ಸುತ್ತು ಜೋಡಿ, ಆಮೇಲಿನ ಎರಡು ಒಂಟಿ, ಸುತ್ತಿಗೊಮ್ಮೆ ಸೂಜಿ ಕೈ ಬದಲಿಸಬೇಕು. ಎಲ್ಲವೂ ಪೆಟ್ಟಿಗೆಯ ಒಳಗೇ, 600 ಸೆಕೆಂಡಿನಲ್ಲಿ. ಎಳೆಯುವ ಭರದಲ್ಲಿ ನಳಿಕೆ ತಳದಿಂದ ಕಿತ್ತು ಬಂದರೆ ಸೊನ್ನೆ. ರೋಗಿಯ ಒಡಲಲ್ಲಿ ಅದು ಕರುಳೋ ರಕ್ತನಾಳವೋ ಆಗಿರುತ್ತದೆ. ಆ ಸೊನ್ನೆಯನ್ನು ನಾನು ಪೂರ್ಣ ಮನಸ್ಸಿನಿಂದ ಒಪ್ಪುತ್ತೇನೆ.

ಪದವಿ ಪಡೆದ ವೈದ್ಯರಿಗೆ ಇಷ್ಟು ಬಿಗಿ ಏಕೆ ಬಂತು? 1985ರಲ್ಲಿ ಜರ್ಮನಿಯ ಎರಿಕ್ ಮ್ಯೂಹೆ, 1987ರಲ್ಲಿ ಫ್ರಾನ್ಸ್‌ನ ಲಿಯಾನ್‌ನಲ್ಲಿ ಫಿಲಿಪ್ ಮೂರೆ ಲ್ಯಾಪರೊಸ್ಕೋಪಿ ವಿಧಾನದಲ್ಲಿ, ಎಂದರೆ ಹೊಟ್ಟೆಯನ್ನು ಅಗಲವಾಗಿ ಕೊಯ್ಯದೆ ಸಣ್ಣ ತೂತುಗಳಿಂದಲೇ, ಪಿತ್ತಕೋಶ ತೆಗೆದರು. 1990ರಲ್ಲಿ ಮುಂಬೈನ ಜೆ.ಜೆ. ಆಸ್ಪತ್ರೆಯಲ್ಲಿ ಡಾ. ತೆಹೆಮ್ಟನ್ ಉದ್ವಾಡಿಯಾ ಅದನ್ನು ಭಾರತಕ್ಕೆ ತಂದರು. ನೋವು ಕಡಿಮೆ, ಬೇಗ ಮನೆಗೆ ಹೋಗಬಹುದು. ರೋಗಿಗಳು ಅದನ್ನೇ ಕೇಳತೊಡಗಿದರು, ಸರ್ಜನ್‌ಗಳು ಕಿರು ಶಿಬಿರಗಳಲ್ಲಿ ಕಲಿತು ಬಂದರು. ಆದರೆ ಇಲ್ಲಿ ಬೆರಳಿಗೆ ಸ್ಪರ್ಶವಿಲ್ಲ, ಪರದೆಯಲ್ಲಿ ಆಳ ತಿಳಿಯುವುದಿಲ್ಲ. ಬಾವಿಯ ಏತದಂತೆ ಈ ಕಡೆ ತಗ್ಗಿಸಿದರೆ ಆ ಕಡೆಯ ತುದಿ ಏಳುತ್ತದೆ. ಸಾವಿರಾರು ಹೊಟ್ಟೆ ತೆರೆದು ಪಳಗಿದ ಕೈಯೂ ಹೊಸದಾಗಿ ಕಲಿಯಬೇಕಾಯಿತು.

ಆ ಕಲಿಕೆಯ ಬೆಲೆಯನ್ನು ರೋಗಿಗಳು ತೆತ್ತರು. ಅಮೆರಿಕದ ‘ಸದರ್ನ್ ಸರ್ಜನ್ಸ್ ಕ್ಲಬ್’ 1991ರಲ್ಲಿ ಇಂಥ 1,518 ಶಸ್ತ್ರಚಿಕಿತ್ಸೆಗಳ ಲೆಕ್ಕ ಪ್ರಕಟಿಸಿತು. ಪ್ರತಿ ತಂಡದ ಮೊದಲ 13 ರೋಗಿಗಳಲ್ಲಿ ಪಿತ್ತನಾಳಕ್ಕೆ ಗಾಯವಾದ ಪ್ರಮಾಣ ಶೇ 2.2, ಆಮೇಲಿನವರಲ್ಲಿ ಶೇ 0.1. ಪಿತ್ತನಾಳ ತುಂಡಾದರೆ ಮತ್ತೆ ಮತ್ತೆ ಆಸ್ಪತ್ರೆ, ಕೆಲವೊಮ್ಮೆ ಬದುಕಿಡೀ. ಆ ಮೊದಲ ಹದಿಮೂರು ಜನರ ಹೊಟ್ಟೆಗೆ ಕೈ ಹಾಕಿದವರೆಲ್ಲ ಪರೀಕ್ಷೆ ಪಾಸಾಗಿದ್ದವರೇ. ಅವರನ್ನು ಈ ಕೆಲಸದಲ್ಲಿ ಯಾರೂ ಪರೀಕ್ಷಿಸಿರಲಿಲ್ಲ, ಅಷ್ಟೆ.

ಸರ್ಜನ್ ಆಗಲು ನಮ್ಮಲ್ಲಿರುವ ಎಂ.ಎಸ್. ಪರೀಕ್ಷೆಯೂ ಸುಲಭದ್ದಲ್ಲ. ಮೂರು ವರ್ಷದ ದುಡಿಮೆಯ ಕೊನೆಗೆ ಲಿಖಿತ ಪರೀಕ್ಷೆ, ಲಾಂಗ್ ಕೇಸ್, ಶಾರ್ಟ್ ಕೇಸ್, ಉಪಕರಣ ಮತ್ತು ಎಕ್ಸ್‌ರೇಗಳನ್ನು ಮುಂದಿಟ್ಟು ನಡೆಸುವ ವೈವಾ. ರೋಗಿಯ ಮಾತು ಕೇಳಿ, ಹೊಟ್ಟೆ ಮುಟ್ಟಿ, ರೋಗ ಹಿಡಿದು ವಾದ ಮಂಡಿಸುವ ಲಾಂಗ್ ಕೇಸ್ ಎಂದೂ ಹೋಗಬಾರದು ಎಂದೇ ನನ್ನ ಮತ. ಆದರೆ ಅಭ್ಯರ್ಥಿ ಒಂದು ಆಪರೇಷನ್ನನ್ನು ಮೊದಲಿನಿಂದ ಕೊನೆಯವರೆಗೆ ಹೇಗೆ ಮಾಡುತ್ತಾರೆ ಎಂಬುದನ್ನು ಹೊರಗಿನಿಂದ ಬಂದ ಪರೀಕ್ಷಕರು ಸಾಮಾನ್ಯವಾಗಿ ನೋಡುವುದಿಲ್ಲ. ಅದಕ್ಕೆ ಸಾಕ್ಷಿ ಲಾಗ್‌ಬುಕ್ಕು ಮತ್ತು ಗುರುಗಳ ಸಹಿ.

ಕೈಯನ್ನು ಬೇರೆಯಾಗಿಯೇ ಪಳಗಿಸಬೇಕೆಂಬ ಅರಿವು ಈ ನೆಲಕ್ಕೆ ಹೊಸದಲ್ಲ. ಸುಶ್ರುತ ಸಂಹಿತೆಯ ಸೂತ್ರಸ್ಥಾನದ ಒಂಬತ್ತನೆಯ ಅಧ್ಯಾಯ ಪೂರ್ತಿ ಇದಕ್ಕೇ ಮೀಸಲು: ಕೊಯ್ಯಲು ಸೋರೆ, ಸೌತೆ, ಸಿರೆ ಚುಚ್ಚಲು ಸತ್ತ ಪ್ರಾಣಿಯ ರಕ್ತನಾಳ, ತಾವರೆ ದಂಟು, ಹೊಲಿಯಲು ದಪ್ಪ ಬಟ್ಟೆ. ಎಲ್ಲ ಶಾಸ್ತ್ರ ಓದಿದ್ದರೂ ಹೀಗೆ ಅಭ್ಯಾಸ ಮಾಡದವನು ಕೆಲಸಕ್ಕೆ ಬಾರದವನು ಎಂದು ಗ್ರಂಥ ನೇರವಾಗಿ ಹೇಳುತ್ತದೆ. ಮುಂದಿನ ಅಧ್ಯಾಯ ವೃತ್ತಿಗಿಳಿಯಲು ರಾಜನ ಅನುಮತಿಯನ್ನೂ ಕೇಳುತ್ತದೆ.

ಪೆಟ್ಟಿಗೆಗೂ ಮಿತಿಯಿದೆ. ಅದರಲ್ಲಿ ರಕ್ತ ಚಿಮ್ಮುವುದಿಲ್ಲ. ಜಪಾನಿನ ಎಂಡೋಸ್ಕೋಪಿಕ್ ಸರ್ಜರಿ ಸಂಘ 2004ರಲ್ಲಿ ತಂದ ಪದ್ಧತಿ ಇನ್ನೂ ಮುಂದಿನದು. ಅಭ್ಯರ್ಥಿ ತಾನು ಮಾಡಿದ ನಿಜವಾದ ಶಸ್ತ್ರಚಿಕಿತ್ಸೆಯ ವಿಡಿಯೊವನ್ನು ಎಲ್ಲೂ ಕತ್ತರಿಸದೆ ಕಳಿಸಬೇಕು. ಅದು ಯಾರದೆಂದು ತಿಳಿಯದ ಇಬ್ಬರು ತೀರ್ಪುಗಾರರು ನೋಡಿ ಅಂಕ ಕೊಡುತ್ತಾರೆ: 60 ಅಂಕ ಸಾಮಾನ್ಯ ಕೌಶಲಕ್ಕೆ, 40 ಆ ನಿರ್ದಿಷ್ಟ ಶಸ್ತ್ರಚಿಕಿತ್ಸೆಗೆ. ಹೀಗೆ ನೋಡಿ ಕೊಟ್ಟ ಅಂಕಕ್ಕೆ ಬೆಲೆಯಿದೆ ಎಂಬುದಕ್ಕೆ 2013ರಲ್ಲಿ ಪ್ರಕಟವಾದ ಮಿಷಿಗನ್ ಅಧ್ಯಯನ ಸಾಕ್ಷಿ. ಬೊಜ್ಜಿಗೆ ಬೈಪಾಸ್ ಮಾಡುವ 20 ಸರ್ಜನ್‌ಗಳ ವಿಡಿಯೊಗಳಿಗೆ ಸಹವೃತ್ತಿಯವರು ಅಂಕ ಕೊಟ್ಟರು. ಅಂಕದಲ್ಲಿ ಕೆಳಗಿನ ಕಾಲು ಭಾಗದವರ ರೋಗಿಗಳಲ್ಲಿ ಶೇ 14.5ರಷ್ಟು ಮಂದಿಗೆ ತೊಡಕಾಗಿತ್ತು, ಮೇಲಿನ ಕಾಲು ಭಾಗದವರ ರೋಗಿಗಳಲ್ಲಿ ಶೇ 5.2ರಷ್ಟು ಮಂದಿಗೆ.

ಭಾರತದಲ್ಲಿ ಒಂದೊಂದು ಆಪರೇಷನ್‌ಗೂ ಪ್ರತ್ಯೇಕ ಸರ್ಕಾರಿ ಪರವಾನಗಿ ಇಲ್ಲ. ಆಸಕ್ತರು ರಾಷ್ಟ್ರೀಯ ಪರೀಕ್ಷಾ ಮಂಡಳಿಯ ಈ ವಿಷಯದ ಎರಡು ವರ್ಷದ ಫೆಲೋಶಿಪ್ ಮಾಡಬಹುದು, ವೃತ್ತಿ ಸಂಘಗಳ ಪರೀಕ್ಷೆಗೂ ಕೂರಬಹುದು. ಇವು ಇಷ್ಟವಿದ್ದವರಿಗೆ. ಕಡ್ಡಾಯವಾಗಬೇಕೆಂಬುದು ನನ್ನ ಆಸೆ. ರೋಬೋಟ್ ಶಸ್ತ್ರಚಿಕಿತ್ಸೆ ಬೆಂಗಳೂರಿನ ಆಸ್ಪತ್ರೆಗಳಿಗೂ ಬಂದಿರುವಾಗ ಇದು ತುರ್ತು. ಯಂತ್ರ ಮಾರುವ ಕಂಪನಿಯೇ ತರಬೇತಿ ಕೊಟ್ಟು ನೀಡುವ ಪತ್ರವನ್ನು ಪರೀಕ್ಷೆ ಎನ್ನಲಾಗದು.

ಸದ್ಯಕ್ಕೆ ರೋಗಿಯ ಕೈಗೆಟಕುವುದು ಒಂದಿದೆ. ಆಸ್ಪತ್ರೆಗಳ ಗುಣಮಟ್ಟ ಅಳೆಯುವ ಎನ್‌ಎಬಿಎಚ್ ಮಂಡಳಿಯ ಮಾನ್ಯತೆ ಪಡೆದ ಆಸ್ಪತ್ರೆ ಯಾವ ವೈದ್ಯರು ಯಾವ ಚಿಕಿತ್ಸೆ ಮಾಡಬಹುದು ಎಂಬುದನ್ನು ಅವರ ಓದು, ತರಬೇತಿ, ಅನುಭವ ನೋಡಿ ನಿರ್ಧರಿಸಿ ದಾಖಲಿಸಬೇಕು. ನನ್ನ ಆಪರೇಷನ್ ಮಾಡುವವರ ಹೆಸರಿನ ಮುಂದೆ ಆ ಚಿಕಿತ್ಸೆ ದಾಖಲಾಗಿದೆಯೇ, ಇದುವರೆಗೆ ಅವರು ಇಂಥವು ಎಷ್ಟು ಮಾಡಿದ್ದಾರೆ ಎಂದು ಒಪ್ಪಿಗೆ ಪತ್ರಕ್ಕೆ ಸಹಿ ಹಾಕುವ ಮುನ್ನ ಯಾರು ಬೇಕಾದರೂ ಕೇಳಬಹುದು.