ಯಕೃತ್ತಿನ ಕಾವಲು

ಕಲಬುರಗಿಯಿಂದ ಹುಮನಾಬಾದಿನತ್ತ ಸಾಗುವ ಹೆದ್ದಾರಿಯಲ್ಲಿ ಕಮಲಾಪುರವಿದೆ. ಕೆಂಪು ಬಾಳೆಗೆ ಹೆಸರಾದ ಊರಿದು. ಈ ಸೀಮೆಯ ಎರೆಭೂಮಿಯಲ್ಲಿ ಜೋಳ, ತೊಗರಿ, ಕುಸುಬೆ, ಅಗಸೆಗಳು ಬೆಳೆಯುತ್ತವೆ. ಜೋಳದ ರೊಟ್ಟಿ, ತೊಗರಿಬೇಳೆ, ಕುಸುಬೆ ಎಣ್ಣೆ ಬೆರೆಸಿದ ಅಗಸಿ ಹಿಂಡಿ, ಕೊನೆಗೊಂದು ಬಾಳೆಹಣ್ಣು: ಇದು ಈ ನೆಲಕ್ಕೆ ಒಪ್ಪುವ ಊಟ. ಕೈ ತೊಳೆದೊಡನೆ ಉಂಡವನ ಕೆಲಸ ಮುಗಿಯುತ್ತದೆ. ಯಕೃತ್ತಿನ ಕೆಲಸ ಆಗ ಮೊದಲಾಗುತ್ತದೆ.

ಯಕೃತ್ತು ಬಲಪಕ್ಕೆಲುಬುಗಳ ಮರೆಯಲ್ಲಿರುವ ಅಂಗ. ವಯಸ್ಕರಲ್ಲಿ ಅದು ಸುಮಾರು 1.5 ಕಿಲೋಗ್ರಾಂ ತೂಗುತ್ತದೆ. ಕರುಳಿನಿಂದ ಹೊರಟ ರಕ್ತವು ದೇಹದ ಇತರ ಭಾಗಗಳನ್ನು ಸೇರುವ ಮುನ್ನ ಇಲ್ಲಿ ಹಾಯ್ದು ಹೋಗುತ್ತದೆ. ಕೊಬ್ಬನ್ನು ಮಾರ್ಪಡಿಸುವುದು, ಪಿತ್ತರಸವನ್ನು ಸ್ರವಿಸುವುದು, ವಿಷಪದಾರ್ಥಗಳನ್ನು ನಿರುಪದ್ರವಗೊಳಿಸುವುದು ಮುಂತಾದ ಕಾರ್ಯಗಳಿಗಾಗಿ ಯಕೃತ್ತು ಹೇರಳವಾಗಿ ಆಮ್ಲಜನಕವನ್ನು ಬಳಸುತ್ತದೆ. ಉರಿಯುವ ಒಲೆಯಿಂದ ಕಿಡಿಗಳು ಸಿಡಿಯುವಂತೆ, ಈ ದುಡಿಮೆಯಲ್ಲಿ ಆಮ್ಲಜನಕದ ಕೆಲವು ಅಣುಗಳು ಉಗ್ರರೂಪವನ್ನು ತಾಳುತ್ತವೆ. ಅವುಗಳನ್ನು ಅಡಗಿಸುವ ಶಕ್ತಿಗಿಂತ ಅವುಗಳ ಹಾವಳಿ ಮೇಲಾದಾಗ ಉಂಟಾಗುವ ಸ್ಥಿತಿಗೆ ಉತ್ಕರ್ಷಣದ ಒತ್ತಡವೆಂದು ಹೆಸರು.

ಈ ಕಿಡಿಗಳಿಗೆ ಸುಲಭವಾಗಿ ತುತ್ತಾಗುವ ವಸ್ತು ಕೊಬ್ಬು. ಬಹುಕಾಲ ತೆರೆದಿಟ್ಟ ಎಣ್ಣೆಯು ಕಮಟು ವಾಸನೆ ಬೀರುವುದನ್ನು ಎಲ್ಲರೂ ಬಲ್ಲರು. ಅದು ಗಾಳಿಯ ಆಮ್ಲಜನಕವು ಮಾಡುವ ಕೆಲಸ. ಜೀವಕೋಶದ ಪೊರೆಯಲ್ಲಿರುವ ಕೊಬ್ಬಿಗೂ ಅದೇ ಗತಿ ಬರಬಹುದು. ತುಪ್ಪದಲ್ಲಿ ಹೆಚ್ಚಾಗಿರುವ ಪರ್ಯಾಪ್ತ ಕೊಬ್ಬು ಬೇಗ ಕೆಡದು. ಕುಸುಬೆ, ಅಗಸೆಗಳ ಎಣ್ಣೆಯಲ್ಲಿರುವ ಅಪರ್ಯಾಪ್ತ ಕೊಬ್ಬು ಬೇಗ ಕೆಡುತ್ತದೆ. ಆದರೂ ದೇಹವು ತಾನೇ ತಯಾರಿಸಿಕೊಳ್ಳಲಾರದ ಅತ್ಯವಶ್ಯಕ ಆಮ್ಲಗಳು ಇಂತಹ ಎಣ್ಣೆಗಳಲ್ಲಿಯೇ ಇವೆ. ಸಾಲುಗುಡಿಸಲುಗಳಲ್ಲಿ ಒಂದರಿಂದ ಇನ್ನೊಂದಕ್ಕೆ ಬೆಂಕಿ ಹಬ್ಬುವಂತೆ, ಕೆಟ್ಟ ಒಂದು ಕೊಬ್ಬಿನ ಅಣುವು ನೆರೆಯ ಅಣುವನ್ನು ಕೆಡಿಸುತ್ತದೆ. ಈ ಸರಪಳಿಯನ್ನು ಕಡಿಯುವುದು ‘ಇ’ ಜೀವಸತ್ವ. ಎಣ್ಣೆಕಾಳುಗಳಲ್ಲಿ ಎಣ್ಣೆಯ ಜೊತೆಗೇ ಅದರ ರಕ್ಷಕನನ್ನೂ ಪ್ರಕೃತಿ ಇರಿಸಿದೆ. ಒಂದೇ ಎಣ್ಣೆಯನ್ನು ಮತ್ತೆ ಮತ್ತೆ ಕಾಯಿಸಿದರೆ ರಕ್ಷಕನು ನಾಶವಾಗಿ, ಕೆಟ್ಟ ಕೊಬ್ಬು ಮಾತ್ರ ಉಳಿಯುತ್ತದೆ.

‘ಇ’ ಜೀವಸತ್ವವೊಂದೇ ಕಾವಲುಗಾರನಲ್ಲ. 1957ರಲ್ಲಿ ಕ್ಲಾಸ್ ಶ್ವಾರ್ಟ್ಸ್ ಎಂಬ ವಿಜ್ಞಾನಿಯು, ಈ ಜೀವಸತ್ವವಿಲ್ಲದ ಆಹಾರದಿಂದ ಇಲಿಗಳ ಯಕೃತ್ತು ಕೊಳೆಯುವುದನ್ನು ಅತ್ಯಲ್ಪ ಪ್ರಮಾಣದ ಸೆಲೆನಿಯಂ ತಡೆಯುತ್ತದೆಂದು ತೋರಿಸಿದನು. ಅದುವರೆಗೆ ಸೆಲೆನಿಯಂ ವಿಷವೆಂದೇ ಪ್ರಸಿದ್ಧವಾಗಿತ್ತು! ಅದು ರಕ್ಷಿಸುವ ಬಗೆ 1973ರಲ್ಲಿ ತಿಳಿಯಿತು: ಕೋಶದಲ್ಲಿನ ಪೆರಾಕ್ಸೈಡುಗಳನ್ನು ನಿವಾರಿಸುವ ಕಿಣ್ವವೊಂದರಲ್ಲಿ ಸೆಲೆನಿಯಂ ಅಡಗಿದೆ. 1969ರಲ್ಲಿ ಮೆಕಾರ್ಡ್ ಮತ್ತು ಫ್ರಿಡೊವಿಚ್ ಗುರುತಿಸಿದ ಇನ್ನೊಂದು ಕಿಣ್ವಕ್ಕೆ ತಾಮ್ರ ಮತ್ತು ಸತುಗಳು ಬೇಕು. ಅದೇ ಬಗೆಯ ಮತ್ತೊಂದಕ್ಕೆ ಮ್ಯಾಂಗನೀಸ್ ಬೇಕು. ಜೋಳ, ಬೇಳೆಗಳು ಈ ಖನಿಜಗಳನ್ನು ಒದಗಿಸುತ್ತವೆ.

ಆದರೆ ಕಾಯುವ ಖನಿಜವೇ ಮಿತಿಮೀರಿದರೆ ಕೊಲ್ಲುತ್ತದೆ. ಹಿಂದೆ ಭಾರತದ ಅನೇಕ ಕಡೆ ಎಳೆಯ ಮಕ್ಕಳ ಯಕೃತ್ತು ಗಡುಸಾಗಿ, ಅವರು ಸಾವಿಗೀಡಾಗುವ ರೋಗವೊಂದಿತ್ತು. ಆ ಮಕ್ಕಳ ಯಕೃತ್ತಿನಲ್ಲಿ ತಾಮ್ರವು ವಿಪರೀತವಾಗಿ ಶೇಖರವಾಗಿರುತ್ತಿತ್ತು. ಹಿತ್ತಾಳೆಯ ಪಾತ್ರೆಯಲ್ಲಿ ಕಾಯಿಸಿಟ್ಟ ಹಾಲೇ ಇದಕ್ಕೆ ಕಾರಣವಿರಬಹುದೆಂದು ಟ್ಯಾನರ್ ಮತ್ತು ಪುಣೆಯ ವೈದ್ಯರು 1983ರಲ್ಲಿ ಪ್ರಕಟಿಸಿದರು. ಹಾಲು ಪಾತ್ರೆಯ ತಾಮ್ರವನ್ನು ಹೀರಿಕೊಳ್ಳುತ್ತದೆ. ಹಸುಳೆಯ ಯಕೃತ್ತು ಅದನ್ನು ಹೊರಹಾಕಲು ಸಮರ್ಥವಲ್ಲ. ಕೂಡಿಬಿದ್ದ ತಾಮ್ರವು ಕಿಡಿಗಳನ್ನು ಅಡಗಿಸುವ ಬದಲು ಹೊತ್ತಿಸುತ್ತದೆ. ಮನೆಗಳಿಗೆ ಉಕ್ಕಿನ ಪಾತ್ರೆಗಳು ಬಂದಂತೆ ಈ ರೋಗವು ಅಪರೂಪವಾಯಿತು. ಹಿತ್ತಾಳೆಯ ಪಾತ್ರೆಗೆ ಕಲಾಯಿ ಹಾಕಿಸುತ್ತಿದ್ದ ಹಿರಿಯರ ಪದ್ಧತಿಯ ಬೆಲೆ ಇದರಿಂದ ತಿಳಿಯುತ್ತದೆ. ಕಬ್ಬಿಣದ ಅಂಶವೂ ಹೀಗೆಯೇ: ರಕ್ತಕ್ಕೆ ಅದು ಬೇಕು, ಯಕೃತ್ತಿನಲ್ಲಿ ಅತಿಯಾಗಿ ತುಂಬಿದರೆ ಕೇಡು.

ಎಣ್ಣೆಯನ್ನು ಶತ್ರುವೆಂದು ದೂರ ತಳ್ಳುವುದಾಗಲಿ, ಖನಿಜಗಳನ್ನು ಸಂಜೀವಿನಿಯೆಂದು ಮಿತಿಯಿಲ್ಲದೆ ನುಂಗುವುದಾಗಲಿ ವಿವೇಕವಲ್ಲ. ಹೊಸ ಎಣ್ಣೆ ಹದವಾಗಿ, ಕಾಳುಬೇಳೆ ಸಾಕಷ್ಟು, ಪಾತ್ರೆ ಶುದ್ಧ. ಅಡುಗೆಮನೆಯಲ್ಲಿ ಇಷ್ಟನ್ನು ನೋಡಿಕೊಂಡರೆ, ಪಕ್ಕೆಯ ಮರೆಯಲ್ಲಿ ದುಡಿಯುವ ಯಕೃತ್ತು ತನ್ನ ಕಾವಲನ್ನು ತಾನು ನೋಡಿಕೊಳ್ಳುತ್ತದೆ.