ನಿಮಗಿದು ಗೊತ್ತೇ? ಕಣ್ಣೀರಿನ ಪ್ರಯೋಗಾಲಯ

ಕಣ್ಣಿನ ಮೇಲೆ ಸದಾ ಹರಡಿಕೊಂಡಿರುವ ಕಣ್ಣೀರಿನ ಪದರದ ದಪ್ಪ ಸುಮಾರು 3 ಮೈಕ್ರೊಮೀಟರ್. ಅಷ್ಟರಲ್ಲೇ ತಳಕ್ಕೆ ಲೋಳೆ, ನಡುವೆ ನೀರು, ಮೇಲೆ ಎಣ್ಣೆ. ಕಣ್ಣು ಒಣಗಿ ಉರಿಯುವವರಲ್ಲಿ ಬಹಳ ಮಂದಿಗೆ ಸಾಲದಿರುವುದು ನೀರಲ್ಲ, ರೆಪ್ಪೆಯಂಚಿನ ಗ್ರಂಥಿಗಳು ಸುರಿಸಬೇಕಾದ ಈ ಎಣ್ಣೆ.

ಕಣ್ಣೀರು ಎಷ್ಟು ಒಸರುತ್ತದೆಂದು ಅಳೆಯಲು ಇಂದಿಗೂ ಸೋಸುಕಾಗದದ ಪಟ್ಟಿ ಸಾಕು. ಜರ್ಮನಿಯ ಆಟೊ ಶಿರ್ಮರ್ 1903ರಲ್ಲಿ ತಿಳಿಸಿದ ವಿಧಾನವಿದು. ಕೆಳರೆಪ್ಪೆಗೆ ಸಿಕ್ಕಿಸಿದ ಪಟ್ಟಿ 5 ನಿಮಿಷದಲ್ಲಿ 5 ಮಿ.ಮೀ. ಕೂಡ ನೆನೆಯದಿದ್ದರೆ ಕಣ್ಣು ಒಣಗಿದೆ ಎಂದೇ ಲೆಕ್ಕ.

ಪೆನಿಸಿಲಿನ್‌ಗೂ ಮೊದಲು ಅಲೆಕ್ಸಾಂಡರ್ ಫ್ಲೆಮಿಂಗ್ ಕಣ್ಣೀರಿನ ಬೆನ್ನು ಹತ್ತಿದ್ದರು. ನಿಂಬೆ ಸಿಪ್ಪೆ ಹಿಂಡಿ ಸಹೋದ್ಯೋಗಿಗಳ ಕಣ್ಣಲ್ಲಿ ನೀರು ತರಿಸಿ ಶೇಖರಿಸಿದರು. ಬ್ಯಾಕ್ಟೀರಿಯಾದ ಗೋಡೆ ಒಡೆಯುವ ಲೈಸೊಜೈಮ್ ಎಂಬ ಕಿಣ್ವ ಅದರಲ್ಲಿದೆ ಎಂದು 1922ರಲ್ಲಿ ಪ್ರಕಟಿಸಿದರು.

ಈ ಕಣ್ಣೀರಿನ ಪದರದ ಮೇಲೆ ಕೂರುವ ಮೆತ್ತನೆಯ ಕಾಂಟ್ಯಾಕ್ಟ್ ಲೆನ್ಸ್ ಹುಟ್ಟಿದ್ದು ಮನೆಯ ಮೇಜಿನ ಮೇಲೆ! ಪ್ರಾಗ್‌ನ ರಸಾಯನ ವಿಜ್ಞಾನಿ ಆಟೊ ವಿಖ್ಟರ್ಲೆ ನೀರು ಹೀರುವ ಜೆಲ್ ಕಂಡುಹಿಡಿದಿದ್ದರು, ಆದರೆ ಅದರಿಂದ ಲೆನ್ಸ್ ಮಾಡುವ ಕೆಲಸಕ್ಕೆ ಸರ್ಕಾರದ ಬೆಂಬಲ ತಪ್ಪಿತು. ಅವರು ಬಿಡಲಿಲ್ಲ. 1961ರ ಕ್ರಿಸ್‌ಮಸ್ ಹೊತ್ತಿಗೆ ಮಕ್ಕಳ ಆಟಿಕೆ ಮೆರ್ಕುರ್ ಜೋಡಣೆ ಸೆಟ್ಟು, ಸೈಕಲ್ ಡೈನಮೊ, ಕರೆಗಂಟೆಯ ಟ್ರಾನ್ಸ್‌ಫಾರ್ಮರ್ ಸೇರಿಸಿ ಯಂತ್ರ ಕಟ್ಟಿದರು. ಗಿರಗಿರ ತಿರುಗುವ ಅಚ್ಚಿಗೆ ದ್ರಾವಣ ಹಾಕಿದರೆ ಅದು ಹರಡಿ ಲೆನ್ಸಿನ ಆಕಾರಕ್ಕೆ ಗಟ್ಟಿಯಾಯಿತು. ಮೊದಲು ಬಂದದ್ದು ನಾಲ್ಕೇ ಲೆನ್ಸ್. ಇಂದು ಕೋಟ್ಯಂತರ ಕಣ್ಣುಗಳು ಆ ಹಟದ ಫಲ ಉಣ್ಣುತ್ತಿವೆ.

ಕಣ್ಣಿನ ಮುಂಭಾಗದ ಪಾರದರ್ಶಕ ಪದರವಾದ ಕಾರ್ನಿಯಾದಲ್ಲಿ ರಕ್ತನಾಳವಿಲ್ಲ. ಅದಕ್ಕೆ ಬೇಕಾದ ಆಮ್ಲಜನಕ ಬಹುಪಾಲು ಕಣ್ಣೀರಿನ ಮೂಲಕ ಗಾಳಿಯಿಂದಲೇ ಬರಬೇಕು. ಲೆನ್ಸ್ ಆ ದಾರಿಗೆ ಅಡ್ಡ ನಿಂತರೆ ಕಾರ್ನಿಯಾ ಊದಿಕೊಳ್ಳುತ್ತದೆ. ಗಾಳಿಯನ್ನು ಹೆಚ್ಚು ಬಿಡುವ ಸಿಲಿಕೋನ್ ಹೈಡ್ರೊಜೆಲ್ ಲೆನ್ಸ್ 1990ರ ದಶಕದ ಕೊನೆಗೆ ಮಾರುಕಟ್ಟೆಗೆ ಬಂತು.

ಲೆನ್ಸ್ ಹಾಕುವವರು ದಯವಿಟ್ಟು ಗಮನಿಸಿ: ನಲ್ಲಿ ನೀರು, ಬಾವಿ ನೀರು, ಕುಡಿಯುವ ನೀರು ಯಾವುದರಲ್ಲೂ ಅದನ್ನು ತೊಳೆಯಬೇಡಿ. ಅವುಗಳಲ್ಲಿರಬಹುದಾದ ಅಕಾಂತಮೀಬಾ ಎಂಬ ಏಕಕೋಶಿ ಲೆನ್ಸಿಗೆ ಅಂಟಿ ಕಾರ್ನಿಯಾ ಸೇರಿದರೆ ದೃಷ್ಟಿಗೇ ಕುತ್ತು. ಚಿಕಿತ್ಸೆ ತಿಂಗಳುಗಟ್ಟಲೆ ಹಿಡಿಯುತ್ತದೆ.

ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದವರು 2019ರಲ್ಲಿ ಮಿಟುಕಿಸುವ ಕಣ್ಣನ್ನೇ ಚಿಪ್ ಮೇಲೆ ಬೆಳೆಸಿದರು. ಮನುಷ್ಯರ ಕಣ್ಣಿನ ಜೀವಕೋಶಗಳ ಮೇಲೆ ಜೆಲ್ಲಿನ ರೆಪ್ಪೆ ಸರಿದಾಡುತ್ತದೆ. ಮಿಟುಕನ್ನು ಅರ್ಧಕ್ಕಿಳಿಸಿದಾಗ ಒಣಗಣ್ಣಿನ ಲಕ್ಷಣ ಅದರಲ್ಲೂ ಕಾಣಿಸಿತು.

ನೆದರ್ಲೆಂಡ್ಸ್‌ನ ಉಟ್ರೆಕ್ಟ್‌ನಲ್ಲಿ 2021ರಲ್ಲಿ ವಿಜ್ಞಾನಿಗಳು ಪ್ರಯೋಗಾಲಯದಲ್ಲಿ ಕಿರು ಕಣ್ಣೀರ್ಗ್ರಂಥಿಗಳನ್ನೇ ಬೆಳೆಸಿದರು. ನರಗಳ ಸಂದೇಶ ಒಯ್ಯುವ ನಾರ್ಅಡ್ರಿನಲಿನ್ ಹಾಕಿದರೆ ಅವು ಅಳುತ್ತವೆ! ಹೊರಗೆ ಹರಿಯಲು ನಾಳವಿಲ್ಲದ್ದರಿಂದ ನೀರು ಒಳಗೇ ತುಂಬಿ ಬಲೂನಿನಂತೆ ಉಬ್ಬುತ್ತವೆ. ಶೋಗ್ರೆನ್ ಕಾಯಿಲೆಯಿಂದ ಕಣ್ಣೀರೇ ಬತ್ತಿದವರಿಗಾಗಿ ಹುಡುಕುವ ಔಷಧಿಗಳನ್ನು ಇಂಥ ಗ್ರಂಥಿಗಳ ಮೇಲೆ ಪರೀಕ್ಷಿಸಬಹುದು.